ದಡಾರದ ಮನೆಯಲ್ಲಿ ನಾನು ಮೊದಲು ಕೇಳುವುದು ಕ್ಯಾಲೆಂಡರ್

"ಸಿಸ್ಟರೇ, ಮೇಲಿನ ಮನೆಯ ಬಾಗಿಲಿಗೆ ಕಹಿಬೇವಿನ ಸೊಪ್ಪು ಕಟ್ಟಿದ್ದಾರೆ. ಮಗುವಿಗೆ ಜ್ವರವಂತೆ, ಮೈಯೆಲ್ಲ ಕೆಂಪಂತೆ." ಆಶಾ ಕಾರ್ಯಕರ್ತೆಯ ಫೋನ್ ಬಂದದ್ದು ಗುರುವಾರ ಬೆಳಿಗ್ಗೆ. ನಾನು ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಕಡೆಯ ಒಂದು ಉಪಕೇಂದ್ರದಲ್ಲಿ ಪಬ್ಲಿಕ್ ಹೆಲ್ತ್ ನರ್ಸ್. ಅಡ್ಕಸ್ಥಳ ದಾಟಿದರೆ ಕರ್ನಾಟಕ. ನಮ್ಮ ಜನರಿಗೆ ಮದುವೆ, ಬಾಣಂತನ, ಆಸ್ಪತ್ರೆ ಎಲ್ಲದಕ್ಕೂ ವಿಟ್ಲ, ಪುತ್ತೂರು, ಮಂಗಳೂರೇ ಹತ್ತಿರ.

ಹೋದಾಗ ಅಜ್ಜಿ ಜಗಲಿಯಲ್ಲೇ ತಡೆದರು. "ಅಮ್ಮ ಬಂದದ್ದು ಮಗಾ, ಒಳಗೆ ಬರಬೇಡ." ನಾನು ಸೊಪ್ಪಿನ ಬಗ್ಗೆ ಏನೂ ಹೇಳಲಿಲ್ಲ. ಅದರಿಂದ ಯಾರಿಗೂ ತೊಂದರೆ ಇಲ್ಲ, ಅಲ್ವಾ? ಹೊರಗಿನವರು ಒಳಗೆ ಬರಬಾರದು ಎನ್ನುವುದಂತೂ ಒಳ್ಳೆಯ ಪದ್ಧತಿ. ಮಗುವನ್ನು ಬೆಳಕಿಗೆ ತರಿಸಿ ಕಿವಿಯನ್ನು ಮೆಲ್ಲನೆ ಮಡಚಿ ನೋಡಿದೆ. ಕೆಂಪು ಕಲೆ ಕಿವಿಯ ಹಿಂದೆ ಶುರುವಾಗಿ ಮುಖಕ್ಕೆ, ಎದೆಗೆ ಇಳಿದಿತ್ತು. ಕಣ್ಣು ಕೆಂಪು, ಮೂಗಿನಲ್ಲಿ ನೀರು, ಒಣ ಕೆಮ್ಮು. ನೀರು ತುಂಬಿದ ಗುಳ್ಳೆ ಒಂದೂ ಇಲ್ಲ. ಹಾಗಾಗಿ ಚಿಕನ್ ಪಾಕ್ಸ್ ಅಲ್ಲ. ದಡಾರದ ಸಂಶಯ, ಮಲಯಾಳದಲ್ಲಿ ಅಂಜಾಂ ಪನಿ.

ಗಡಿಯಾಚೆಯ ಒಂದು ಕ್ಲಿನಿಕ್‌ಗೆ ಹಿಂದಿನ ದಿನವೇ ತೋರಿಸಿದ್ದರು. ಚೀಟಿಯಲ್ಲಿ ಜ್ವರದ ಔಷಧಿ ಇತ್ತು, ಅಷ್ಟೆ. ಅಲ್ಲಿಂದ ಯಾರಿಗೂ ವರದಿ ಹೋಗಿರಲಿಲ್ಲ.

ನಿಯಮ ಕಷ್ಟದ್ದೇನಲ್ಲ. ಜ್ವರದ ಜೊತೆ ಮೈಮೇಲೆ ಕೆಂಪು ಕಲೆ ಬಂದರೆ ಸಂಶಯ ಸಾಕು. ಲ್ಯಾಬಿನ ಫಲಿತಾಂಶಕ್ಕೆ ಕಾಯದೆ ತಿಳಿಸಬೇಕು. ಲಕ್ಷಣ ನೋಡಿ ನಾವು ತುಂಬುವುದು ಎಸ್ ಫಾರಂ, ಡಾಕ್ಟರದ್ದು ಪಿ, ಲ್ಯಾಬಿನದ್ದು ಎಲ್. ಮೊದಲು ವಾರಕ್ಕೊಮ್ಮೆ ಕಾಗದದಲ್ಲಿ ಕಳಿಸುತ್ತಿದ್ದೆವು, ಈಗ ಆನ್‌ಲೈನ್. ಕಲೆ ಬಂದ 28 ದಿನದೊಳಗೆ ರಕ್ತದ ಮಾದರಿ ತೆಗೆಯಬೇಕು. ಜಗಲಿಯಿಂದಲೇ ಮೆಡಿಕಲ್ ಆಫೀಸರಿಗೂ ಹೆಲ್ತ್ ಇನ್‌ಸ್ಪೆಕ್ಟರಿಗೂ ಫೋನ್ ಮಾಡಿದೆ.

ಆಗ ಮಗುವಿನ ತಾಯಿ ಅಳಲು ಶುರು ಮಾಡಿದರು. "ನಮ್ಮ ಮೇಲೆ ಕೇಸು ಹಾಕುತ್ತೀರಾ ಸಿಸ್ಟರ್?"

ಈ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು. 2020ರ ಮಾರ್ಚ್‌ನಲ್ಲಿ ಗಡಿಯ ಒಳರಸ್ತೆಗಳಿಗೆ ಮಣ್ಣು ಸುರಿದದ್ದು, ತಲಪಾಡಿಯಲ್ಲಿ ಆಂಬುಲೆನ್ಸ್ ನಿಂತದ್ದು ನಮ್ಮ ಕಡೆ ಯಾರೂ ಮರೆತಿಲ್ಲ. ಕ್ವಾರಂಟೈನ್ ಎಂದ ಕೂಡಲೇ ಪೊಲೀಸ್ ಜೀಪು ನೆನಪಾಗುತ್ತದೆ. ಅದಕ್ಕೇ ದಡಾರದ ಮನೆಯಲ್ಲಿ ನಾನು ಆ ಪದವನ್ನೇ ಹೇಳುವುದಿಲ್ಲ. ಗೋಡೆಯ ಕ್ಯಾಲೆಂಡರ್ ಕೇಳುತ್ತೇನೆ.

ಅಲ್ಲಿ ಇದ್ದದ್ದು ಸಹಕಾರಿ ಬ್ಯಾಂಕಿನ ಕ್ಯಾಲೆಂಡರ್. ಕಲೆ ಕಾಣಿಸಿದ ಬುಧವಾರಕ್ಕೆ ಸುತ್ತು ಹಾಕಿದೆ. ಅಲ್ಲಿಂದ ಮುಂದೆ ನಾಲ್ಕು ದಿನ, ಭಾನುವಾರದವರೆಗೆ, ಗೆರೆ ಎಳೆದೆ. "ಇಷ್ಟು ದಿನ ಮಗು ಮನೆಯಲ್ಲೇ ಇರಲಿ. ನೆಂಟರು ಬರುವುದು ಬೇಡ. ಆಮೇಲೆ ಮಗು ಗೆಲುವಾಗಿದ್ದರೆ ಅಂಗನವಾಡಿಗೆ ಕಳಿಸಿ." ಅಷ್ಟೇ ಎಂದು ಗೊತ್ತಾದಾಗ ತಾಯಿ ಕಣ್ಣು ಒರೆಸಿಕೊಂಡರು. ಆಮೇಲೆ ಹಿಂದಕ್ಕೆ ನಾಲ್ಕು ದಿನ ಎಣಿಸಿದೆ. ಕಲೆ ಬರುವ ನಾಲ್ಕು ದಿನ ಮೊದಲೇ ದಡಾರ ಹರಡುತ್ತದೆ. "ಶನಿವಾರ ಎಲ್ಲಿದ್ದಿರಿ?" "ಮನೆಯಲ್ಲೇ." "ಭಾನುವಾರ?" ವಿಟ್ಲದ ಹತ್ತಿರ ತವರಿನವರ ಮದುವೆ. ಸೋಮವಾರ, ಮಂಗಳವಾರ ಅಂಗನವಾಡಿ. ಪಟ್ಟಿ ಬೇಕೆಂದು ಕೇಳಿದರೆ ಜನ ಮುಚ್ಚಿಡುತ್ತಾರೆ. ಕ್ಯಾಲೆಂಡರ್ ಮುಂದಿಟ್ಟರೆ ಊಟಕ್ಕೆ ಯಾರ ಪಕ್ಕ ಕೂತಿದ್ದೆವು ಎನ್ನುವುದನ್ನೂ ಹೇಳುತ್ತಾರೆ.

ತಾಯಿ ಚುಚ್ಚುಮದ್ದಿನ ಕಾರ್ಡ್ ಕೊಟ್ಟರು. ಒಂಬತ್ತು ತಿಂಗಳ ಎಂಆರ್, ಅಂದರೆ ದಡಾರ-ರುಬೆಲ್ಲಾ ಚುಚ್ಚುಮದ್ದು, ಹಾಕಿಸಿದ್ದು ತವರಿನಲ್ಲಿ, ಅಲ್ಲಿಯ ಸಿಸ್ಟರ್ ದಿನಾಂಕ ಬರೆದಿದ್ದರು. 16ರಿಂದ 24 ತಿಂಗಳೊಳಗೆ ಆಗಬೇಕಾದ ಎರಡನೇ ಡೋಸಿನ ಜಾಗ ಖಾಲಿ. ಮಗುವಿಗೆ ಆಗಲೇ ಮೂರು ವರ್ಷ. ಉಪಕೇಂದ್ರಕ್ಕೆ ಹೋಗಿ ನನ್ನ ರಿಜಿಸ್ಟರ್ ತೆಗೆದೆ. ಅದರಲ್ಲಿ ನನ್ನದೇ ಅಕ್ಷರ: "ತವರಿಗೆ ಹೋಗಿದ್ದಾರೆ." ವಿಟ್ಲ ಕಡೆಯ ಸಿಸ್ಟರ್‌ಗೆ ಫೋನ್ ಮಾಡಿದರೆ ಅವರ ಪುಸ್ತಕದಲ್ಲಿ "ಕೇರಳಕ್ಕೆ ಹೋಗಿದ್ದಾರೆ." ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ತಪ್ಪು ಆ ತಾಯಿಯದ್ದಲ್ಲ. ಬಿಟ್ಟುಹೋದ ಡೋಸನ್ನು ಐದು ವರ್ಷದವರೆಗೂ ಕೊಡಬಹುದು. ಒಂದು ಫೋನ್ ನಾನು ಮೊದಲೇ ಮಾಡಿದ್ದರೆ ಸಾಕಿತ್ತು.

ಅಂಗನವಾಡಿಯ ಕೆಲಸ ಅದೇ ದಿನ ಆಗಬೇಕಿತ್ತು. ಸೋಂಕು ತಗಲಿ 72 ಗಂಟೆಯೊಳಗೆ ಎಂಆರ್ ಕೊಟ್ಟರೆ ದಡಾರವನ್ನು ತಡೆಯಬಹುದು. ಡೋಸ್ ಬಾಕಿ ಇದ್ದ ಮಕ್ಕಳನ್ನು ಟೀಚರ್ ಮಧ್ಯಾಹ್ನಕ್ಕೇ ಕರೆಸಿದರು. ಕಾರ್ಡ್ ಕಳೆದುಹೋಗಿದೆ, ನೆನಪಿಲ್ಲ ಎಂದವರಿಗೂ ಕೊಟ್ಟೆವು. ಒಂದು ಡೋಸ್ ಜಾಸ್ತಿಯಾದರೆ ತೊಂದರೆ ಇಲ್ಲ. ಎಂಆರ್ ಬಾಟಲಿಗೆ ನೀರು ಬೆರೆಸಿದ ಮೇಲೆ ನಾಲ್ಕೇ ಗಂಟೆ ಆಯುಷ್ಯ. ಉಳಿದದ್ದನ್ನು ಎಸೆಯಲೇಬೇಕು. ಅಂಥ ದಿನ ಸ್ವಲ್ಪ ವ್ಯರ್ಥವಾದರೂ ಪರವಾಗಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಮದುವೆಗೆ ಬಂದವರ ಹೆಸರುಗಳನ್ನು ಆ ಕಡೆಯ ಸಿಸ್ಟರ್ ಬರೆದುಕೊಂಡು ಮನೆ ಮನೆಗೆ ಹೋದರು.

ಜ್ವರದ ಮಗುವಿಗೆ ವಿಟಮಿನ್ ಎ ಕೊಟ್ಟೆ, ಎರಡು ಲಕ್ಷ ಯೂನಿಟ್, ಮರುದಿನ ಇನ್ನೊಮ್ಮೆ. ಕಣ್ಣು ಹಾಳಾಗದಿರಲು ಇದು ಬೇಕೇ ಬೇಕು. ಇದನ್ನು ಬಿಡುವವರೇ ಜಾಸ್ತಿ, ಅದಕ್ಕೆ ಹೇಳುತ್ತಿದ್ದೇನೆ.

ಅದೇ ಮನೆಯಲ್ಲಿ ಏಳು ತಿಂಗಳ ತಂಗಿ ಇದ್ದಳು. ಒಂಬತ್ತು ತಿಂಗಳ ಮೊದಲು ಸಾಮಾನ್ಯವಾಗಿ ಎಂಆರ್ ಕೊಡುವುದಿಲ್ಲ. ಅಷ್ಟು ಸಣ್ಣ ಮಗುವಿಗೆ ಸುತ್ತಲಿನ ಮಕ್ಕಳ ಚುಚ್ಚುಮದ್ದೇ ರಕ್ಷಣೆ. ಹತ್ತನೇ ದಿನ ಅವಳಿಗೆ ಜ್ವರ ಬಂತು. ಉಸಿರಾಡುವಾಗ ಪಕ್ಕೆ ಒಳಗೆ ಎಳೆಯುತ್ತಿತ್ತು. ನಾನು ಮಾತಾಡುತ್ತ ನಿಲ್ಲಲಿಲ್ಲ, ಆಟೋ ಹತ್ತಿಸಿದೆ. ನ್ಯುಮೋನಿಯಾ. ಆರು ದಿನ ಆಸ್ಪತ್ರೆಯಲ್ಲಿದ್ದು ಬಂದಳು. ಆ ಆರು ರಾತ್ರಿ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ.

ಆಮೇಲೆ ನಾನು ಎರಡು ಬದಲಾವಣೆ ಮಾಡಿಕೊಂಡೆ. ನಮಗೆ ಬರುವ ಸೂಚನೆಗಳು ಮಲಯಾಳದಲ್ಲಿರುತ್ತವೆ. ಮೊದಲು ಅದನ್ನೇ ಕೊಟ್ಟು ಬಾಯಲ್ಲಿ ಹೇಳಿ ಬರುತ್ತಿದ್ದೆ. ಈಗ ಕನ್ನಡದಲ್ಲಿ ಐದು ಸಾಲು ಕೈಯಲ್ಲೇ ಬರೆದು ಜೆರಾಕ್ಸ್ ಮಾಡಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ಜೊತೆ ಮದ್ರಾಸಿಗೆ ಸೇರಿತ್ತು. ಹಾಗಾಗಿ 2023ರಲ್ಲಿ ಕೇರಳಕ್ಕೆಲ್ಲ ಒಂದೇ ಸಾರ್ವಜನಿಕ ಆರೋಗ್ಯ ಕಾಯ್ದೆ ಬರುವ ಮೊದಲು ಇಲ್ಲಿ ಬಹುಕಾಲ ನಡೆಯುತ್ತಿದ್ದದ್ದು 1939ರ ಮದ್ರಾಸ್ ಕಾಯ್ದೆ. ಕಾಯ್ದೆ ಯಾವುದೇ ಇರಲಿ, ಓದಲು ಬಾರದ ಕಾಗದವನ್ನು ಸುಮ್ನೆ ಕೈಗೆ ಕೊಟ್ಟು ನಿಯಮ ಪಾಲಿಸಿ ಎನ್ನುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು, ತವರಿನ ಪುಸ್ತಕ. ನೂರು ಪುಟದ ನೋಟ್‌ಬುಕ್. ಬಾಣಂತನಕ್ಕೆ ಗಡಿ ದಾಟಿದವರು, ಬಂದವರು, ಮಗುವಿನ ಮುಂದಿನ ಡೋಸ್ ಯಾವಾಗ, ಆ ಕಡೆಯ ಸಿಸ್ಟರ್ ಯಾರು, ಅವರ ನಂಬರ್ ಏನು. ತಿಂಗಳ ಕೊನೆಯ ಶನಿವಾರ ನಾವಿಬ್ಬರೂ ಫೋನಿನಲ್ಲಿ ಹೆಸರು ಹೆಸರಾಗಿ ಓದಿ ನೋಡುತ್ತೇವೆ. ಅರ್ಧ ಗಂಟೆ ಸಾಕು.

ದಡಾರ ಬಂದು ಹೋದರೂ ಎಂಆರ್ ಬಿಡಬಾರದು. ತಂಗಿಗೆ ಒಂಬತ್ತು ತಿಂಗಳಾದಾಗ ಅಜ್ಜಿಯೇ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದರು. ಎರಡು ಕಾರ್ಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. "ದೊಡ್ಡವನದ್ದೂ ಬರೆ ಮಗಾ," ಎಂದರು. ವಿಟ್ಲ ಕಡೆಯ ಸಿಸ್ಟರ್ ಬರೆದ ಸಾಲಿನ ಕೆಳಗೆ ನಾನು ದಿನಾಂಕ ಬರೆದು ಸಹಿ ಹಾಕಿದೆ.