ಆಲೆಮನೆಗೆ ಕ್ಯಾಮೆರಾ ಒಯ್ಯುವ ಮುನ್ನ

ಪತ್ರಿಕೋದ್ಯಮದ ವಿದ್ಯಾರ್ಥಿಗಳನ್ನು ಮಂಡ್ಯದ ಆಲೆಮನೆಗೆ ಕರೆದೊಯ್ದರೆ ಮೊದಲ ಭೇಟಿಯಲ್ಲಿ ಕ್ಯಾಮೆರಾ ಚೀಲದಲ್ಲೇ ಇರಲಿ. ಮಾಲೀಕರ ಒಪ್ಪಿಗೆ ಸಾಲದು. ಗಾಣಕ್ಕೆ ಕಬ್ಬು ಕೊಡುವವರನ್ನೂ ಕೊಪ್ಪರಿಗೆ ಮುಂದೆ ನಿಂತವರನ್ನೂ ಒಬ್ಬೊಬ್ಬರಾಗಿ ಕೇಳಬೇಕು.

ತಂಡದಲ್ಲಿ ಮೂವರು ಸಾಕು: ಕ್ಯಾಮೆರಾ, ಧ್ವನಿ, ಟಿಪ್ಪಣಿ. ಕೆಡುವುದು ಹೆಚ್ಚಾಗಿ ಧ್ವನಿಯೇ. ಗಾಣದ ಮೋಟಾರಿನ ಪಕ್ಕ ಮಾತಾಡಿಸಿದರೆ ಒಂದಕ್ಷರವೂ ಕೇಳಿಸದು. ಕಾಲರ್ ಮೈಕನ್ನು ಗದ್ದದಿಂದ 15–20 ಸೆಂ.ಮೀ. ಕೆಳಗೆ ಸಿಕ್ಕಿಸಿ, ಮೋಟಾರು ನಿಂತಾಗ ಮಾತಾಡಿಸಿ. ಗಾಣದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ಹಿಡಿದಿಡಿ. ಟ್ಯೂಬ್‌ಲೈಟ್ ಇದ್ದರೆ ಶಟರ್ ವೇಗ 1/50 ಸೆಕೆಂಡ್ ಇರಲಿ. ನಮ್ಮ ವಿದ್ಯುತ್ 50 ಹರ್ಟ್ಸ್, 1/60ಕ್ಕೆ ಇಟ್ಟರೆ ಚಿತ್ರ ಮಿಣುಕಬಹುದು. ಹಬೆ ಲೆನ್ಸಿನ ಮೇಲೆ ಕೂರುತ್ತದೆ, ಒಣ ಬಟ್ಟೆ ಜೇಬಿನಲ್ಲಿರಲಿ.

‘ಪಾಪದ ರೈತ’ ಎಂದು ಹಣೆಪಟ್ಟಿ ಅಂಟಿಸುವ ಚಾಳಿಯನ್ನು ಮೊದಲ ದಿನವೇ ಬಿಡಿಸಿ. ಲೆಕ್ಕ ಕೇಳಲಿ: ಟನ್ನಿಗೆ ಎಷ್ಟು ಸಿಕ್ಕಿತು, ಕಟಾವಿನ ಕೂಲಿ ಎಷ್ಟು ಹೋಯಿತು? ಕಾರ್ಖಾನೆಗೆ ಕಬ್ಬು ಹಾಕಿದವರಾದರೆ, 14 ದಿನದೊಳಗೆ ಹಣ ಕೊಡಬೇಕೆಂಬುದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ತೂಕದ ಚೀಟಿ, ಪಾಸ್‌ಬುಕ್ಕು ಎರಡರ ತಾರೀಖನ್ನೂ ಹೋಲಿಸಿದರೆ ಅರ್ಧ ವರದಿ ಸಿದ್ಧ. ಉಳಿದರ್ಧ ಕಾರ್ಖಾನೆಯವರ ಉತ್ತರ. ಅದನ್ನು ಕೇಳದೆ ಎಡಿಟಿಂಗ್‌ಗೆ ಕೂರಬೇಡಿ.