ಎದುರಿನವರು ಕೋರ್ಟಿಗೆ ಬರಲೇ ಇಲ್ಲ, ಈಗೇನು ಮಾಡೋದು?

ಕೈಸಾಲ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ. ದಾವೆ ಹಾಕಿದ್ದೂ ಆಯಿತು. ಕೋರ್ಟಿನಲ್ಲಿ ಕೇಸ್ ನಂಬರ್ ಕೂಗಿದರು, ಪ್ರತಿವಾದಿಯ ಹೆಸರನ್ನು ಮೂರು ಸಲ ಕರೆದರು. ಯಾರೂ ಇಲ್ಲ. ಗೆದ್ದೇ ಬಿಟ್ಟೆವು ಅಂತ ವರಾಂಡಕ್ಕೆ ಬಂದು ಮನೆಗೆ ಫೋನ್ ಮಾಡುವವರು ಮಂಗಳೂರಿನಲ್ಲೂ ಇದ್ದಾರೆ, ಉಡುಪಿಯಲ್ಲೂ ಇದ್ದಾರೆ. ಸ್ವಲ್ಪ ತಾಳಿ. ಕೆಲಸ ಇನ್ನೂ ಬಾಕಿ ಇದೆ.

ಸಣ್ಣ ಮೊತ್ತದ ದಾವೆಗಳಿಗೆ ನಮ್ಮ ರಾಜ್ಯದಲ್ಲಿ 1964ರ ಸ್ಮಾಲ್ ಕಾಸ್ ಕೋರ್ಟ್ ಕಾಯ್ದೆ ಇದೆ. ನಿಮ್ಮ ಮೊತ್ತ ಅದರಡಿ ಬರುತ್ತದಾ, ಮಾಮೂಲಿ ಸಿವಿಲ್ ದಾವೆ ಆಗುತ್ತದಾ ಅಂತ ವಕೀಲರ ಹತ್ತಿರ ಕೇಳಿಕೊಳ್ಳಿ. ಎದುರಿನವರು ಬಾರದಿದ್ದರೆ ಏನು ಎಂಬುದಕ್ಕೆ ಮೂಲ ನಿಯಮ ಸಿಗುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 9ರಲ್ಲಿ.

ಮೊದಲು ಸಮನ್ಸ್ ನೋಡಿ

ನ್ಯಾಯಾಧೀಶರು ಕೇಳುವ ಮೊದಲ ಪ್ರಶ್ನೆ ಒಂದೇ: ಸಮನ್ಸ್ ಜಾರಿ ಆಗಿದೆಯಾ? ಆಗಿದ್ದರೆ ಮಾತ್ರ ಎಕ್ಸ್‌ಪಾರ್ಟಿ, ಅಂದರೆ ಏಕಪಕ್ಷೀಯ ವಿಚಾರಣೆಗೆ ದಾರಿ. ಹೆಚ್ಚಿನ ಕೇಸುಗಳು ಎಡವುವುದು ಇಲ್ಲೇ, ಹಾಗಾಗಿ ಫೈಲಿನಲ್ಲಿ ಅಮೀನರ, ಅಂದರೆ ಸಮನ್ಸ್ ತಲುಪಿಸುವ ಕೋರ್ಟ್ ಸಿಬ್ಬಂದಿಯ ವರದಿ ಮತ್ತು ಅಂಚೆಯವರ ಷರಾ ಏನಿದೆ ಅಂತ ನೀವೇ ಕೇಳಿ ತಿಳಿದುಕೊಳ್ಳಿ.

ಸಮನ್ಸ್ ತೆಗೆದುಕೊಳ್ಳಲು ಒಪ್ಪಲಿಲ್ಲ ಎಂಬ ಷರಾ ಇದ್ದರೆ ನಿಮಗೆ ತಲೆಬಿಸಿ ಇಲ್ಲ. ನಿರಾಕರಿಸಿದರೂ ಜಾರಿಯಾದಂತೆಯೇ ಅಂತ ಕೋರ್ಟ್ ಘೋಷಿಸಬಹುದು. ಮನೆಗೆ ಬೀಗ, ಊರಲ್ಲಿಲ್ಲ, ವಿಳಾಸ ಸರಿಯಿಲ್ಲ ಅಂತ ವಾಪಸ್ ಬಂದರೆ ಕಥೆ ಬೇರೆ. ಹಾಗೆ ವಾಪಸ್ ಬಂದ ಮೇಲೆ ಏಳು ದಿನದೊಳಗೆ ಹೊಸ ಸಮನ್ಸಿಗೆ ಅರ್ಜಿ ಹಾಕಬೇಕು. ಸುಮ್ನೆ ಕೂತರೆ ದಾವೆಯೇ ವಜಾ ಆಗಬಹುದು. ಪ್ರೋಸೆಸ್ ಫೀ, ಅಂದರೆ ಸಮನ್ಸ್ ಕಳಿಸುವ ಶುಲ್ಕ ಕಟ್ಟದೆ ಸಮನ್ಸ್ ಹೊರಡದಿದ್ದರೂ ಅಷ್ಟೇ.

ವಿಳಾಸ ನಮ್ಮ ಕಡೆ ದೊಡ್ಡ ರಗಳೆ. ಮನೆಗೆ ನಂಬರಿಗಿಂತ ಹೆಸರೇ ಜಾಸ್ತಿ ಪರಿಚಯ. ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಮೂವರು ಪೂಜಾರಿಗಳು, ನಾಲ್ವರು ಶೆಟ್ರು ಇರುತ್ತಾರೆ. ತಂದೆ ಅಥವಾ ತಾಯಿಯ ಹೆಸರು, ಮನೆ ಹೆಸರು, ಡೋರ್ ನಂಬರ್, ಹತ್ತಿರದ ದೈವಸ್ಥಾನವೋ ಶಾಲೆಯೋ, ಮೊಬೈಲ್ ನಂಬರ್ ಎಲ್ಲಾ ಬರೆದುಕೊಡಿ. ಗುರುತು ತೋರಿಸಲು ಅಮೀನರ ಜೊತೆ ನೀವೇ ಹೋಗಬಹುದು.

ಇನ್ನೊಂದು, ಮುಂಬೈ ಮತ್ತು ಗಲ್ಫ್. ಪ್ರತಿವಾದಿ ಮನೆಯಲ್ಲಿಲ್ಲ, ಸದ್ಯಕ್ಕೆ ಸಿಗುವ ಹಾಗೂ ಇಲ್ಲ ಅಂದರೆ ಅವರ ಜೊತೆ ವಾಸವಿರುವ ಮನೆಯ ವಯಸ್ಕರೊಬ್ಬರಿಗೆ ಸಮನ್ಸ್ ಕೊಡಬಹುದು. ಮನೆಕೆಲಸದವರಿಗೆ ಕೊಟ್ಟರೆ ಆಗುವುದಿಲ್ಲ. ಆದರೆ ಆಸಾಮಿ ವರ್ಷಗಟ್ಟಲೆ ದುಬೈಯಲ್ಲೇ ಇದ್ದು, ಕಾಪುವಿನ ಮನೆಯಲ್ಲಿ ತಾಯಿ ಸಹಿ ಹಾಕಿದ್ದರೆ ಅದನ್ನೇ ನಂಬಿ ಕೂರಬೇಡಿ. ನಾನು ಆ ಮನೆಯಲ್ಲಿ ವಾಸವೇ ಇರಲಿಲ್ಲ ಅಂತ ನಾಳೆ ಅವರು ತಕರಾರು ತೆಗೆಯಬಹುದು. ಅಲ್ಲಿನ ವಿಳಾಸಕ್ಕೂ ಕಳಿಸುವಂತೆ ಕೇಳಿಕೊಳ್ಳುವುದೇ ಕ್ಷೇಮ.

ಬೇಕಂತಲೇ ತಪ್ಪಿಸಿಕೊಳ್ಳುತ್ತಿದ್ದರೆ ಅದೇ ಸಂಹಿತೆಯ ಆರ್ಡರ್ 5ರ ನಿಯಮ 20 ಇದೆ. ಕೋರ್ಟ್ ಒಪ್ಪಿದರೆ ಸಮನ್ಸನ್ನು ಅವರ ಮನೆಗೂ ಕೋರ್ಟಿನ ಬೋರ್ಡಿಗೂ ಅಂಟಿಸುತ್ತಾರೆ, ಇಲ್ಲವೇ ಅವರು ಕೊನೆಗೆ ವಾಸವಿದ್ದ ಊರಿಗೆ ಬರುವ ದಿನಪತ್ರಿಕೆಯಲ್ಲಿ ಪ್ರಕಟಿಸುತ್ತಾರೆ. ಇದನ್ನು ಕೇಳುವಾಗ ಹಿಂದೆ ಎಲ್ಲೆಲ್ಲಿ ಹುಡುಕಿದಿರಿ ಅಂತ ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಕೊಡುವ ಲಿಖಿತ ಹೇಳಿಕೆಯಲ್ಲಿ, ವಿವರವಾಗಿ ಬರೆಯಿರಿ.

ಖಾಲಿ ಕುರ್ಚಿಯ ಎದುರೂ ಸಾಕ್ಷಿ ಬೇಕು

ಎಕ್ಸ್‌ಪಾರ್ಟಿ ಅಂತ ಆದೇಶವಾದ ಮೇಲೆ ನಿಮ್ಮ ಸರದಿ. ಮುಖ್ಯ ವಿಚಾರಣೆಯ ಹೇಳಿಕೆಯನ್ನು ಅಫಿಡವಿಟ್ ರೂಪದಲ್ಲಿ ಕೊಡಬೇಕು, ದಾಖಲೆಗಳನ್ನು ಸಾಕ್ಷ್ಯವಾಗಿ ಗುರುತು ಮಾಡಿಸಬೇಕು. ಎದುರಿನವರು ಇಲ್ಲ ಅಂತ ನ್ಯಾಯಾಧೀಶರು ಕಣ್ಣುಮುಚ್ಚಿ ಡಿಕ್ರಿ, ಅಂದರೆ ತೀರ್ಪಿನ ಅಧಿಕೃತ ಆದೇಶ ಕೊಡುವುದಿಲ್ಲ. ಮೇಲುನೋಟಕ್ಕಾದರೂ ನಿಮ್ಮ ಮಾತು ಸಾಬೀತಾಗಬೇಕು.

ಬ್ಯಾಂಕ್ ಸ್ಟೇಟ್‌ಮೆಂಟ್, ರಶೀದಿ, ಸಹಿ ಮಾಡಿದ ಪತ್ರ ಇದ್ದರೆ ಒಳ್ಳೆಯದು. ಪ್ರಾಮಿಸರಿ ನೋಟಿಗೆ ಸರಿಯಾದ ಸ್ಟಾಂಪ್ ಇಲ್ಲದಿದ್ದರೆ ಆಮೇಲೆ ದಂಡ ಕಟ್ಟಿ ಸರಿಮಾಡಲು ಆಗುವುದಿಲ್ಲ. ವಾಟ್ಸಾಪ್ ಮೆಸೇಜನ್ನು ಸಾಕ್ಷಿ ಮಾಡುವುದಾದರೆ ಬರೀ ಪ್ರಿಂಟ್ ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ವಾಯಿದೆಯ ಹಿಂದಿನ ದಿನ ಇದಕ್ಕೆ ಓಡಾಡಿದರೆ ಆಗದು. ಕೈಸಾಲದ ದಾವೆಯನ್ನು ಸಾಮಾನ್ಯವಾಗಿ ಹಣ ಕೊಟ್ಟ ದಿನದಿಂದ ಮೂರು ವರ್ಷದೊಳಗೆ ಹಾಕಿರಬೇಕು. ಅದು ತಪ್ಪಿದ್ದರೆ ಪ್ರತಿವಾದಿ ಬಾಯಿಬಿಡದಿದ್ದರೂ ಕೋರ್ಟೇ ಗಮನಿಸುತ್ತದೆ.

ಇಷ್ಟರೊಳಗೆ ನೀವೇ ಗೈರಾಗಬೇಡಿ. ಇಬ್ಬರೂ ಬಾರದ ದಿನ ದಾವೆ ವಜಾ ಆಗಬಹುದು. ಇ-ಕೋರ್ಟ್ಸ್ ಆಪ್‌ನಲ್ಲಿ ನಿಮ್ಮ ಕೇಸಿನ ಗುರುತಿನ ಸಂಖ್ಯೆಯಾದ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಹಾಕಿದರೆ ಮುಂದಿನ ದಿನಾಂಕ ಸಿಗುತ್ತದೆ.

ಅವರು ತಡವಾಗಿ ಬಂದರೆ?

ತೀರ್ಪಿಗೆ ಮೊದಲೇ ಬಂದು ಸರಿಯಾದ ಕಾರಣ ಹೇಳಿದರೆ ಖರ್ಚು ಹಾಕಿ ಒಳಗೆ ಬಿಡುವುದುಂಟು. ಕಾರಣ ಒಪ್ಪಿಗೆಯಾಗದಿದ್ದರೂ ಆ ಹಂತದಿಂದ ಮುಂದೆ ಭಾಗವಹಿಸಲು ಅವರಿಗೆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 1955ರಲ್ಲೇ ಹೇಳಿದೆ. ಡಿಕ್ರಿ ಆದ ಮೇಲೆ ಅದನ್ನು ರದ್ದು ಮಾಡಿಸಲು 30 ದಿನ. ಸಮನ್ಸ್ ಸರಿಯಾಗಿ ಜಾರಿಯಾಗಿರದಿದ್ದರೆ ಆ 30 ದಿನ ಶುರುವಾಗುವುದು ಡಿಕ್ರಿ ವಿಷಯ ಅವರಿಗೆ ಗೊತ್ತಾದ ದಿನದಿಂದ. ವಿಳಾಸದ ಬಗ್ಗೆ ಅಷ್ಟು ಹೇಳಿದ್ದು ಇದಕ್ಕೇ! ಆದರೆ ದಾವೆ ಇರುವುದು, ತಾರೀಕು ಎರಡೂ ಅವರಿಗೆ ಗೊತ್ತಿತ್ತು, ಬರಲು ಸಮಯವೂ ಇತ್ತು ಅಂತ ತೋರಿಸಿದರೆ ಜಾರಿಯಲ್ಲಿನ ಸಣ್ಣ ಲೋಪ ಅವರ ಕೈ ಹಿಡಿಯುವುದಿಲ್ಲ. ದಾವೆ ಹಾಕಿದ ಮೇಲೆ ಅವರು ಕಳಿಸಿದ ಮೆಸೇಜುಗಳನ್ನು ಅಳಿಸಬೇಡಿ.

ಡಿಕ್ರಿ ಕಾಗದ ದುಡ್ಡಲ್ಲ

ಅಷ್ಟಾದರೂ ಕೊಡದಿದ್ದರೆ ಅಮಲ್ಜಾರಿ ಅರ್ಜಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿಕೊಡಿ ಅಂತ ಕೋರ್ಟಿಗೆ ಹಾಕುವ ಅರ್ಜಿ. ಇದಕ್ಕೆ 12 ವರ್ಷ ಅವಕಾಶವಿದೆ, ಆದರೆ ಕಾಯುವುದರಲ್ಲಿ ಏನು ಲಾಭ? ಅವರ ಆಸ್ತಿ, ಬ್ಯಾಂಕ್ ಖಾತೆ, ಕೆಲಸದ ವಿವರ ನಿಮ್ಮ ಕೈಯಲ್ಲಿರಲಿ. ಗೊತ್ತಿಲ್ಲದಿದ್ದರೆ ಆಸ್ತಿ ವಿವರದ ಅಫಿಡವಿಟ್ ಕೊಡುವಂತೆ ಅವರಿಗೇ ಆದೇಶಿಸಲು ಕೋರ್ಟನ್ನು ಕೇಳಬಹುದು. ಸಂಬಳದಲ್ಲಿ ಮೊದಲ 1,000 ರೂಪಾಯಿ ಮತ್ತು ಉಳಿದುದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. ಕುಶಲಕರ್ಮಿಯ ಸಲಕರಣೆ, ಹೆಂಗಸಿನ ಕರಿಮಣಿಗೂ ಕೈ ಹಾಕುವಂತಿಲ್ಲ. ಆಸಾಮಿ ಮುಂಬೈಯಲ್ಲಿದ್ದರೆ ಡಿಕ್ರಿಯನ್ನು ಅಲ್ಲಿನ ಕೋರ್ಟಿಗೆ ವರ್ಗಾಯಿಸಬಹುದು. ದಾವೆ ನಡೆಯುತ್ತಿರುವಾಗಲೇ ಜಾಗ ಮಾರಿ ಹೋಗುವ ಸುಳಿವು ಸಿಕ್ಕಿದರೆ ತೀರ್ಪಿಗೆ ಮೊದಲೇ ಜಪ್ತಿಗೆ ಅರ್ಜಿ ಹಾಕಿ. ಗಲ್ಫಿಗೆ ಹೋದವರ ವಿಷಯದಲ್ಲಿ ಊರಿನ ಆಸ್ತಿಯೇ ನಿಮಗೆ ಸುಲಭವಾಗಿ ಸಿಗುವಂಥದ್ದು.

ವಕೀಲರ ಫೀಸ್ ಕಷ್ಟವಾದರೆ ಎರಡೂ ಜಿಲ್ಲೆಗಳಲ್ಲಿ ಕಾನೂನು ಸೇವಾ ಪ್ರಾಧಿಕಾರಗಳಿವೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಚಿತ ನೆರವಿಗೆ ಅರ್ಹತೆ ಇದೆ. ಸಹಾಯವಾಣಿ 15100.