ಎಂಜಲು ತಾಗಿದ ಕ್ಯಾಪ್ ಮತ್ತೆ ಅಂಟಿಸುವಾಗ

ಬಸವನಗುಡಿಯಲ್ಲಿ ನಮ್ಮದು ಎರಡು ಕುರ್ಚಿಯ ಪುಟ್ಟ ಡೆಂಟಲ್ ಕ್ಲಿನಿಕ್. ಒಂದು ಸೋಮವಾರ ಅಜ್ಜಿಯೊಬ್ಬರು ಕುಂಕುಮದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಜಿರ್ಕೋನಿಯಾ ಎಂಬ ಗಟ್ಟಿ ಸೆರಾಮಿಕ್‌ನ ಹಲ್ಲಿನ ಕ್ಯಾಪ್. "ನಿಪ್ಪಟ್ಟು ಕಡಿದೆ ಕಣಮ್ಮಾ, ಕೈಗೇ ಬಂತು." ಇಂಪ್ಲಾಂಟ್ (ದವಡೆ ಮೂಳೆಗೆ ಹಾಕಿದ ಕೃತಕ ಬೇರು) ಮೇಲೆ ನಾನು ಅದನ್ನು ಕೂರಿಸಿ ಮೂರು ವಾರ ಆಗಿತ್ತು ಅಷ್ಟೇ.

ಕ್ಯಾಪ್ ಬಿದ್ದಾಗ ಮೊದಲು ಸಿಮೆಂಟ್ ಎಲ್ಲಿ ಉಳಿದಿದೆ ಅಂತ ನೋಡಿ. ಇಲ್ಲಿ ಸಿಮೆಂಟೆಲ್ಲ ಅಬಟ್‌ಮೆಂಟ್ (ಇಂಪ್ಲಾಂಟ್‌ಗೆ ಸ್ಕ್ರೂನಿಂದ ಬಿಗಿದ ಟೈಟಾನಿಯಂ ಗೂಟ) ಮೇಲಿತ್ತು. ಕ್ಯಾಪ್ ಒಳಗೆ ತೊಳೆದಿಟ್ಟ ಲೋಟದ ಹಾಗೆ ಚೊಕ್ಕ. ಅಂದರೆ ಕೈಕೊಟ್ಟಿದ್ದು ಜಿರ್ಕೋನಿಯಾ ಕಡೆ. ತಪ್ಪು ನನ್ನದೇ. ಬಾಯಲ್ಲಿಟ್ಟು ನೋಡುವಾಗ ಎಂಜಲು ತಾಗಿತ್ತು. ಅಭ್ಯಾಸಬಲದಿಂದ ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚಿ ತೊಳೆದುಬಿಟ್ಟಿದ್ದೆ.

ಎಂಜಲಿನಲ್ಲಿರುವ ಫಾಸ್ಫೇಟ್ ಜಿರ್ಕೋನಿಯಾಗೆ ಅಂಟಿಕೊಳ್ಳುತ್ತದೆ. ಸಿಮೆಂಟ್‌ಗೆ ಮೊದಲು ಹಚ್ಚುವ ಪ್ರೈಮರ್‌ನಲ್ಲಿರುವ ಎಂಡಿಪಿ ಎಂಬ ಅಂಟಿಸುವ ರಾಸಾಯನಿಕ ಕೂತುಕೊಳ್ಳಬೇಕಾದ್ದೂ ಅದೇ ಜಾಗದಲ್ಲಿ. ಬಿಎಂಟಿಸಿ ಬಸ್ಸಿನ ಕಿಟಕಿಯಿಂದ ಯಾರೋ ಕರ್ಚೀಫ್ ಹಾಕಿ ಸೀಟು ಹಿಡಿದ ಹಾಗೆ! ಫಾಸ್ಫಾರಿಕ್ ಆಸಿಡ್ ಹಾಕಿದರೆ ಇನ್ನಷ್ಟು ಕರ್ಚೀಫ್ ಬೀಳುತ್ತವೆ. ಬರೀ ನೀರು, ಸ್ಪಿರಿಟ್‌ಗೂ ಅವು ಏಳುವುದಿಲ್ಲ.

ಮತ್ತೆ ಅಂಟಿಸುವಾಗ ಅಬಟ್‌ಮೆಂಟನ್ನೂ ಬಿಚ್ಚಿ ಹೊರಗೆ ತನ್ನಿ. ಬಾಯೊಳಗೆ ಅಂಟಿಸಿ ವಸಡಿನ ಕೆಳಗೆ ಸಿಮೆಂಟ್ ಉಳಿದರೆ ಊತ ಬರುತ್ತದೆ, ಮೂಳೆಯೂ ಕರಗಬಹುದು. ಹಳೇ ಸಿಮೆಂಟ್ ಕೆರೆದು ತೆಗೆಯಿರಿ. ಅಬಟ್‌ಮೆಂಟನ್ನು ಲ್ಯಾಬ್ ಅನಲಾಗ್‌ಗೆ (ಇಂಪ್ಲಾಂಟ್‌ನ ನಕಲು) ಸ್ಕ್ರೂನಿಂದ ಬಿಗಿದು, ವಸಡಿಗೆ ತಾಗುವ ಭಾಗಕ್ಕೂ ಸ್ಕ್ರೂ ತೂತಿಗೂ ಮೇಣ ಮೆತ್ತಿ. ಆಮೇಲೆ 50 ಮೈಕ್ರಾನ್ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಎರಚಿ ಸ್ಯಾಂಡ್‌ಬ್ಲಾಸ್ಟ್ ಮಾಡಿ. ಟೈಟಾನಿಯಂಗೆ 2 ಬಾರ್ ಒತ್ತಡ ಸಾಕು. ಜಿರ್ಕೋನಿಯಾ ಕ್ಯಾಪ್ ಒಳಗೆ ನಾನು 1 ಬಾರ್ ದಾಟುವುದಿಲ್ಲ, ತೆಳ್ಳಗಿನ ಅಂಚಿನ ಭಯ. ಇ-ಮ್ಯಾಕ್ಸ್ (ಗಾಜಿನಂಥ ಸೆರಾಮಿಕ್) ಕ್ಯಾಪ್ ಆದರೆ ಸ್ಯಾಂಡ್‌ಬ್ಲಾಸ್ಟ್ ಬೇಡವೇ ಬೇಡ, ಅದರ ದಾರಿಯೇ ಬೇರೆ.

ಸ್ಯಾಂಡ್‌ಬ್ಲಾಸ್ಟ್ ಆದ ಮೇಲೆ ಮತ್ತೆ ಎಂಜಲು ತಾಗಿತಾ? ಐವೋಕ್ಲೀನ್ ಥರದ ಶುಚಿಮಾಡುವ ಪೇಸ್ಟ್ ಚೆನ್ನಾಗಿ ಕುಲುಕಿ ಹಚ್ಚಿ, 20 ಸೆಕೆಂಡ್ ಬಿಟ್ಟು ತೊಳೆಯಿರಿ. ಅದರಲ್ಲೂ ಜಿರ್ಕೋನಿಯಾ ಕಣಗಳೇ ಇವೆ, ಫಾಸ್ಫೇಟನ್ನು ತಮ್ಮ ಕಡೆ ಸೆಳೆದುಕೊಳ್ಳುತ್ತವೆ. ಇದನ್ನು ಬಾಯೊಳಗೆ ಹಾಕಬೇಡಿ.

ಒಣಗಿಸುವ ಗಾಳಿಯನ್ನು ಮೊದಲು ಕನ್ನಡಿ ಮೇಲೆ ಊದಿ ನೋಡಿ. ಕಂಪ್ರೆಸರ್ ಎಣ್ಣೆ ಕಾರುತ್ತಿದ್ದರೆ ಪಟ್ಟ ಪಾಡೆಲ್ಲ ದಂಡ. ನಂತರ ಎರಡೂ ಕಡೆ ಎಂಡಿಪಿ ಇರುವ ಪ್ರೈಮರ್, ಬಾಟಲಿಯಲ್ಲಿ ಬರೆದಷ್ಟು ಹೊತ್ತು. ಇದಾದ ಮೇಲೆ ಕ್ಯಾಪ್ ಒಳಗೆ ಬೆರಳು ತಾಗಿಸಬೇಡಿ. ರೆಸಿನ್ ಸಿಮೆಂಟ್ ತೆಳುವಾಗಿ ಸವರಿ, ಒತ್ತಿ ಹಿಡಿದು, ಉಕ್ಕಿದ್ದನ್ನು ಒರೆಸಿ, ಪೂರ್ತಿ ಗಟ್ಟಿಯಾಗಲು ಬಿಡಿ. ಅಂಚಿಗೆ ಪಾಲಿಶ್ ಕೊಟ್ಟು, ಶುಚಿ ಮಾಡಿ, ಬಾಯಲ್ಲಿಟ್ಟು ಕಂಪನಿ ಹೇಳಿದ ಟಾರ್ಕ್‌ಗೆ ಸ್ಕ್ರೂ ಬಿಗಿಯಿರಿ.

ಕ್ಯಾಪ್ ಮೇಲಿನ ಸ್ಕ್ರೂ ತೂತಿಗೆ ಟೆಫ್ಲಾನ್ ಟೇಪ್ ತುರುಕಿ, ಮೇಲೆ ಹಲ್ಲು ತುಂಬುವ ಕಾಂಪೋಸಿಟ್‌ನಿಂದ ಮುಚ್ಚಿ. ಪ್ಲಂಬರ್ ಬಳಸುವ ಟೇಪೇ ಅದು, ಆಟೋಕ್ಲೇವ್ ಮಾಡಿಟ್ಟುಕೊಂಡರಾಯಿತು. ನಾನು ಕೊಳ್ಳಲು ಹೋದಾಗಲೆಲ್ಲ ಹಾರ್ಡ್‌ವೇರ್ ಅಂಗಡಿಯವರು ಕೇಳುತ್ತಾರೆ: "ಏನ್ ಮೇಡಂ, ನಲ್ಲಿ ಮತ್ತೆ ಸೋರ್ತಿದ್ಯಾ?"